ಶಿರಸಿಯ ಮಳೆಗಾಲದಲ್ಲಿ ಆಮೆಮನೆಗೆ ಶಾಖ, ಬೆಳಕು: ಬಿಡಿಬಿಡಿಯಾಗಿ ಕೊಂಡ ಸೆಟ್ ಬಾಳಿಕೆ ಬಂತೇ?

ಸೆಟ್‌ನಲ್ಲಿರುವುದು ಇಷ್ಟು: ರಿಫ್ಲೆಕ್ಟರ್ ಇರುವ ಪಟ್ಟಿಯಲ್ಲಿ 24 ವ್ಯಾಟ್‌ನ ಟಿ5 (ಸಪೂರ) ಯುವಿಬಿ ಟ್ಯೂಬು (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ ಕೊಡುವುದು, ಯುವಿಬಿ ಪಾಲು ಶೇ. 12ರದ್ದು), ಹಗಲಿನ ಬಿಸಿಗೆ 80 ವ್ಯಾಟ್‌ನ ಹ್ಯಾಲೊಜೆನ್ ಫ್ಲಡ್ ಬಲ್ಬು, ರಾತ್ರಿಗೆ ಬೆಳಕಿಲ್ಲದೆ ಶಾಖವನ್ನಷ್ಟೇ ಕೊಡುವ 150 ವ್ಯಾಟ್‌ನ ಸೆರಾಮಿಕ್ ಹೀಟರು, ಅದನ್ನು ಹತೋಟಿಯಲ್ಲಿಡಲು ಎಸ್‌ಟಿಸಿ-1000 ಥರ್ಮೋಸ್ಟಾಟ್. ಬಳಕೆ ಆಫ್ರಿಕಾದ ಸುಲ್ಕಾಟಾ ಆಮೆಗೆ, ಶಿರಸಿಯ ಹಂಚಿನ ಮನೆಯೊಳಗೆ. ಹಲವು ಮಳೆಗಾಲ ದಾಟಿದ ಮೇಲೆ ಹೇಳುವ ಮಾತು: ಟ್ಯೂಬಿಗೂ ಥರ್ಮೋಸ್ಟಾಟಿಗೂ ಹಾಕಿದ ದುಡ್ಡು ಪೂರ್ತಿ ಸಾರ್ಥಕ. ಹೀಟರು ಒಳ್ಳೆಯದೇ, ಆದರೆ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಹಚ್ಚಲೇಬೇಡಿ.

ಮೊದಲೇ ಹೇಳಿಬಿಡುತ್ತೇವೆ, ಇದು ನಕ್ಷತ್ರ ಆಮೆ ಸಾಕುವವರಿಗೆ ಬರೆದದ್ದಲ್ಲ. ನಕ್ಷತ್ರ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ, ಮನೆಯಲ್ಲಿಡುವುದು ಅಪರಾಧ. ಸುಲ್ಕಾಟಾದಂಥ ಹೊರದೇಶದ ಆಮೆಯನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಶಾಖ, ಬೆಳಕು, ಯುವಿಬಿ ಮೂರನ್ನೂ ಒಂದೇ ಬಲ್ಬಿನಲ್ಲಿ ಕೊಡುವ ಮರ್ಕ್ಯುರಿ ವೇಪರ್ ದೀಪವನ್ನು ಬಹಳ ಜನ ಕೇಳುತ್ತಾರೆ. ಘಟ್ಟದ ಮೇಲೆ ಅದು ಬೇಡ. ಗಾಳಿಮಳೆಗೆ ಕರೆಂಟು ಒಮ್ಮೆ ಮಿಣುಕಿದರೂ ಆ ದೀಪ ಆರುತ್ತದೆ, ತಣ್ಣಗಾಗುವವರೆಗೆ ಹಲವು ನಿಮಿಷ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಥರ್ಮೋಸ್ಟಾಟಿಗೆ ಕಟ್ಟುವಂತೆಯೂ ಇಲ್ಲ. ಆಷಾಢದಲ್ಲಿ ಗಂಟೆಗೆ ನಾಲ್ಕು ಸಲ ಕರೆಂಟು ಹೋಗಿಬಂದರೆ ಆಮೆಗೆ ಸಿಗುವುದು ಬರೀ ಕತ್ತಲೆ.

ಇನ್ನು ವೋಲ್ಟೇಜು. ಹೀಟರಿನ ಡಬ್ಬಿಯ ಮೇಲಿನ ವ್ಯಾಟ್ ಲೆಕ್ಕ 230 ವೋಲ್ಟಿನದು. ವೋಲ್ಟೇಜು 180ಕ್ಕೆ ಇಳಿದರೆ ಶಾಖ ಅದೇ ಪ್ರಮಾಣದಲ್ಲಲ್ಲ, ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 100 ವ್ಯಾಟಿನದು ಹೆಚ್ಚುಕಡಿಮೆ 61 ವ್ಯಾಟ್ ಆಗಿಬಿಡುತ್ತದೆ. ಚಳಿ ಜಾಸ್ತಿಯಾದ ರಾತ್ರಿಯೇ ಹೀಟರು ಸೋಲುವುದು ಇದರಿಂದ. 150 ವ್ಯಾಟಿನದು ಅದೇ 180 ವೋಲ್ಟಿನಲ್ಲಿ ಸುಮಾರು 92 ವ್ಯಾಟ್ ಕೊಡುತ್ತದೆ, ವೋಲ್ಟೇಜು ಸರಿಯಿದ್ದ ದಿನ ಹೆಚ್ಚಿನ ಶಾಖವನ್ನು ಥರ್ಮೋಸ್ಟಾಟ್ ತಡೆಯುತ್ತದೆ. ಹೋಲ್ಡರು ಪಿಂಗಾಣಿಯದೇ ಆಗಬೇಕು. ಪ್ಲಾಸ್ಟಿಕ್ ಹೋಲ್ಡರು ಈ ಕಾವಿಗೆ ಕರಗುತ್ತದೆ. ಹೀಟರಿಗೂ ಆಮೆಯ ಬೆನ್ನಿಗೂ ಕನಿಷ್ಠ ಒಂದಡಿ ಅಂತರವಿರಲಿ. ಕೊಟ್ಟಿಗೆಗೆ ಹಾಸುವ ಒಣ ದರಕನ್ನು (ಉದುರಿದ ಎಲೆ) ಆಮೆಮನೆಗೂ ಹಾಸುವವರಿದ್ದಾರೆ. ಹೀಟರಿನ ಕೆಳಗೆ ಅದು ಖಂಡಿತ ಬೇಡ, ಬೆಂಕಿ ಹತ್ತುತ್ತದೆ.

ಎಸ್‌ಟಿಸಿ-1000 ಅಗ್ಗದ ಸಾಮಾನು, ಆದರೆ ವೈರಿಂಗ್‌ನಲ್ಲಿ ಎಡವುವವರು ಬಹಳ. 1, 2ಕ್ಕೆ ಕರೆಂಟು, 3, 4ಕ್ಕೆ ಸೆನ್ಸರು. 5, 6 ಹೀಟರಿನ ರಿಲೇ. ಅದು ಬರೀ ಸ್ವಿಚ್ಚು, ಅದರಿಂದ ತಾನಾಗಿ ಕರೆಂಟು ಬರುವುದಿಲ್ಲ. ಫೇಸ್ ತಂತಿಯನ್ನು ಅದರ ಮೂಲಕ ಹಾಯಿಸಬೇಕು, ಗೊತ್ತಿಲ್ಲದಿದ್ದರೆ ವೈರ್‌ಮನ್ ಕೈಲಿ ಮಾಡಿಸಿ. ಸೆಟಿಂಗ್‌ನ ಎಫ್1ರಲ್ಲಿ (ಬೇಕಾದ ಡಿಗ್ರಿ) 26, ಎಫ್2ರಲ್ಲಿ (ಎಷ್ಟು ಇಳಿದರೆ ಹೊತ್ತಬೇಕು) 1 ಇಟ್ಟರೆ 25ಕ್ಕೆ ಹೊತ್ತಿ 26ಕ್ಕೆ ಆರುತ್ತದೆ. ಲೋಟದ ತುಂಬ ಐಸ್ ಹಾಕಿ, ಮುಳುಗುವಷ್ಟು ನೀರು ಬಿಟ್ಟು ಸೆನ್ಸರ್ ಅದ್ದಿ. ಸೊನ್ನೆ ತೋರಿಸದಿದ್ದರೆ ಆ ವ್ಯತ್ಯಾಸವನ್ನು ಎಫ್4ರಲ್ಲಿ ಸರಿಮಾಡಬಹುದು.

ಸೆನ್ಸರನ್ನು ಆಮೆಯ ಬೆನ್ನಿನ ಎತ್ತರದಲ್ಲಿ, ಹೀಟರಿನಿಂದ ಒಂದಡಿ ಬದಿಗೆ, ಕ್ಲಿಪ್ಪು ಹಾಕಿ ಬಿಗಿಯಿರಿ. ಸುಲ್ಕಾಟಾ ನುಗ್ಗುವ ಪ್ರಾಣಿ. ಸೆನ್ಸರು ಕಿತ್ತು ತಣ್ಣನೆಯ ನೆಲಕ್ಕೆ ಬಿದ್ದರೆ ಹೀಟರು ಆರುವುದೇ ಇಲ್ಲ. ವರ್ಷ ಕಳೆದಂತೆ ರಿಲೇಯ ಕಾಂಟ್ಯಾಕ್ಟು ಅಂಟಿಕೊಳ್ಳುವುದೂ ಉಂಟು. ಆಗಲೂ ಅದೇ ಪರಿಣಾಮ, ಆಮೆ ಬೇಯುತ್ತದೆ. ಇದಕ್ಕೆ ಪರಿಹಾರ ಎರಡನೆಯ ಥರ್ಮೋಸ್ಟಾಟನ್ನು ಅದೇ ಲೈನಿನಲ್ಲಿ ಸರಣಿಯಾಗಿ ಜೋಡಿಸಿ 29ಕ್ಕೆ ಇಡುವುದು. ಇದನ್ನು ಕಡ್ಡಾಯವೆಂದೇ ತಿಳಿಯಿರಿ.

ಟ್ಯೂಬಿನ ವಿಷಯ ಬೇರೆ. ಅದು ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಬೆಳಕು ಹಾಗೇ ಇರುತ್ತದೆ, ಯುವಿಬಿ ಮಾತ್ರ ಕುಗ್ಗುತ್ತಾ ಹೋಗುತ್ತದೆ. ಯುವಿಬಿ ಇಲ್ಲದಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲನ್ನು ನಂಬಬೇಡಿ, ಗಾಜು ಯುವಿಬಿಯನ್ನು ತಡೆಯುತ್ತದೆ. ಟ್ಯೂಬಿನ ಕೆಳಗೆ ಸಣ್ಣ ಕಣ್ಣಿನ ಜಾಲರಿ ಇದ್ದರೂ ಒಂದು ಪಾಲು ಅಲ್ಲೇ ಉಳಿಯುತ್ತದೆ. ಬೆನ್ನಿನಿಂದ 35-45 ಸೆಂ.ಮೀ. ಎತ್ತರ ಸರಿ, ಮೀಟರು ಸಿಕ್ಕರೆ ಯುವಿ ಸೂಚ್ಯಂಕ 3ರಿಂದ 4 ಇದೆಯೇ ನೋಡಿ. ಮೀಟರು ದುಬಾರಿ, ನಾಲ್ಕೈದು ಜನ ಸೇರಿ ಒಂದು ಕೊಂಡರೆ ಸಾಕು. ಹ್ಯಾಲೊಜೆನ್ ಬಲ್ಬನ್ನು ಟ್ಯೂಬಿನ ಪಕ್ಕದಲ್ಲೇ ತೂಗುಹಾಕಿ, ಕೆಳಗೆ ಕಡಪ ಕಲ್ಲಿನ ತುಂಡು ಇಡಿ. ಆ ಜಾಗ 35ರಿಂದ 38 ಡಿಗ್ರಿ ಇರಬೇಕು, ಇನ್ನೊಂದು ತುದಿ 26ರ ಹತ್ತಿರ. ಆಮೆ ಒಂದಡಿಗಿಂತ ದೊಡ್ಡದಾದರೆ ಒಂದೇ ಬಲ್ಬು ಬೆನ್ನಿನ ನಡುಮಧ್ಯವನ್ನಷ್ಟೇ ಸುಡುತ್ತದೆ, ಎರಡು ಹಾಕಿ.

ಟ್ಯೂಬು, ಹ್ಯಾಲೊಜೆನ್ ಎರಡಕ್ಕೂ ದಿನಕ್ಕೆ 12 ಗಂಟೆ. ಟೈಮರು ಬ್ಯಾಟರಿ ಇರುವ ಡಿಜಿಟಲ್‌ನದೇ ಇರಲಿ. ತಿರುಗಿಸುವ ಟೈಮರು ಕರೆಂಟು ಹೋದಷ್ಟು ಹೊತ್ತು ಹಿಂದೆ ಬಿದ್ದು, ವಾರದೊಳಗೆ ನಡುರಾತ್ರಿ ದೀಪ ಹಚ್ಚುತ್ತದೆ. ಖರ್ಚು ಮಳೆಗಾಲದಲ್ಲಿ ದಿನಕ್ಕೆ ಎರಡು ಯೂನಿಟ್ಟಿನ ಆಸುಪಾಸು. 150 ಎಎಚ್ ಬ್ಯಾಟರಿಯ ಇನ್ವರ್ಟರು ಇದ್ದರೆ ಬೇರೆ ಲೋಡ್ ಹಾಕದೆ ಹೀಟರೊಂದನ್ನೇ ಒಂದು ರಾತ್ರಿ ನಡೆಸಬಹುದು.

ನಮ್ಮಲ್ಲಿ ಆಮೆಗೆ ಕುತ್ತು ತರುವುದು ತೇವವೊಂದೇ ಅಲ್ಲ, ತೇವದ ಜೊತೆ ಸೇರಿದ ತಂಡಿ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಕಂಡರೆ ಪಶುವೈದ್ಯರ ಹತ್ತಿರ ಹೋಗಿ, ಬರೀ ಶಾಖ ಹೆಚ್ಚಿಸಿ ಕೂರಬೇಡಿ. ಕಾರವಾರ, ಕುಮಟೆಯ ಕಡೆ ರಾತ್ರಿ ಅಷ್ಟು ತಣಿಯುವುದಿಲ್ಲ, 60 ವ್ಯಾಟ್ ಹೀಟರು ಸಾಕಾಗುತ್ತದೆ. ಅಲ್ಲಿನ ತೊಂದರೆ ಉಪ್ಪುಗಾಳಿ: ಟ್ಯೂಬಿನ ಪಿನ್ನು ಕಿಲುಬು ಹಿಡಿಯುತ್ತದೆ, ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒಣಬಟ್ಟೆಯಲ್ಲಿ ಒರೆಸಿ.

ಟಿ5 ಟ್ಯೂಬಿಗೆ ಒಂದು ವರ್ಷ ಆಯಸ್ಸು. ಹೊಸದನ್ನು ಮೇ ತಿಂಗಳಲ್ಲೇ ತರಿಸಿ, ಹಾಕಿದ ತಾರೀಖನ್ನು ಅದರ ತುದಿಯಲ್ಲಿ ಮಾರ್ಕರಿನಿಂದ ಬರೆಯಿರಿ. ಆಗ ಹೊಸ ಟ್ಯೂಬಿನ ಪೂರ್ತಿ ಬಲ ಮೋಡ ಕವಿದ ನಾಲ್ಕು ತಿಂಗಳಿಗೆ ಸಿಗುತ್ತದೆ. ದೀಪಾವಳಿಯ ನಂತರ ಅಂಗಳದ ಬಿಸಿಲೇ ಅರ್ಧ ಕೆಲಸ ಮಾಡುತ್ತದೆ.