ರಷ್ ಲಿಂಬಾ ಶೋ ರಿವ್ಯೂ: ಉಪ್ಪಿನಕಾಯಿ ಸೂಪರ್, ಊಟ ಮಾತ್ರ ಇಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಇದು ಈಗ ಸಿಗದೇ ಇರೋ ಮಾಲಿನ ರಿವ್ಯೂ, ಅಮೆರಿಕದ ಬಲಪಂಥೀಯ ರೇಡಿಯೋ ಟಾಕ್ ಶೋ. ಮಾಡ್ತಿದ್ದ ಮನುಷ್ಯ 2021ರ ಫೆಬ್ರವರಿ 17ಕ್ಕೆ ಹೋಗ್ಬಿಟ್ಟ, ಶ್ವಾಸಕೋಶದ ಕ್ಯಾನ್ಸರ್, 70 ವರ್ಷ. ಆದ್ರೂ ಯಾಕೆ ಬರೀತಿದೀನಿ ಅಂದ್ರೆ ನಮ್ ನೆಂಟರ ಹುಡುಗ ಒಬ್ಬ ಎಂಎಸ್ ಓದಕ್ಕೆ ಮಿಸೌರಿ ರಾಜ್ಯದ ಕೇಪ್ ಜಿರಾರ್ಡೋಗೆ ಹೋಗಿದಾನೆ, ಮಿಸಿಸಿಪಿ ನದಿ ಪಕ್ಕ ಪ್ರವಾಹ ತಡೆಯೋಕೆ ಕಟ್ಟಿರೋ ದೊಡ್ಡ ಗೋಡೆ ಮೇಲೆ ಮಾರ್ಕ್ ಟ್ವೇನ್, ಪ್ರೆಸಿಡೆಂಟ್ ಟ್ರೂಮನ್ ಜೊತೆ ಇವನ ಚಿತ್ರಾನೂ ಇದ್ಯಂತೆ, ಮಾಮ ಯಾರಿದು, ಇವನ ಹಳೇ ಶೋ ಕೇಳೋ ಥರ ಇದ್ಯಾ ಅಂತ ಮೆಸೇಜ್ ಮಾಡಿದ್ದ. ವಾಟ್ಸಾಪಲ್ಲಿ ಹೇಳಿ ಮುಗ್ಸೋ ವಿಷ್ಯ ಅಲ್ಲ ಅಂತ ಇಲ್ಲಿ ಕೂತಿದೀನಿ.

ನಾನು ಗಿರಾಕಿ ಆಗಿದ್ದು ಹೆಂಗೆ ಅಂದ್ರೆ, 2005ರಿಂದ 2016ರ ತನಕ ಮಿಸೌರೀಲಿದ್ದೆ, ಆಸ್ಪತ್ರೆ ಲ್ಯಾಬ್ ಮೆಷಿನ್ ಸರ್ವೀಸ್ ಮಾಡೋ ಕೆಲ್ಸ. ಸೇಂಟ್ ಲೂಯಿಸ್‌ನಿಂದ ಕ್ಯಾನ್ಸಸ್ ಸಿಟಿಗೆ ಐ-70 ರೋಡಲ್ಲಿ 400 ಕಿಲೋಮೀಟರ್, ಎರಡೂ ಕಡೆ ಜೋಳದ ಹೊಲ ಬಿಟ್ರೆ ಹೊಲ, ಕಂಪನಿ ಕಾರಲ್ಲಿ ಸಿಡಿ ಪ್ಲೇಯರ್ ಕೆಟ್ಟಿತ್ತು, ಎಫ್ಎಂ ಊರು ದಾಟಿದ್ರೆ ಕುಯ್ಯೋ ಅನ್ನುತ್ತೆ. ಎಎಂ ಹಾಕಿದ್ರೆ ಮಧ್ಯಾಹ್ನ 11ರಿಂದ 2ರ ತನಕ ಎಲ್ ತಿರುಗ್ಸಿದ್ರೂ ಇದೇ ಮನುಷ್ಯ, ಒಂದ್ ಸ್ಟೇಷನ್ ಮಸುಕಾಗೋ ಹೊತ್ಗೆ ಮುಂದಿನ ಊರಿನ ಸ್ಟೇಷನ್ ಅದೇ ವಾಕ್ಯ ಮುಂದುವರ್ಸುತ್ತೆ. 600ಕ್ಕೂ ಜಾಸ್ತಿ ಸ್ಟೇಷನ್ನಲ್ಲಿ ಬರ್ತಿತ್ತು ಅಂದ್ರೆ ಲೆಕ್ಕ ಹಾಕಿ. ನನ್ ಹೆಂಡ್ತಿ ಒಂದ್ಸಲ ಜೊತೇಲಿ ಬಂದಿದ್ಳು, ಹೆಸರು ಕೇಳಿ ನಕ್ಕಿದ್ದು ನಕ್ಕಿದ್ದೇ. ಆವತ್ತಿಂದ ಅವಳಿಗೆ ಅವ್ನು ಲಿಂಬೆಹಣ್ಣು, "ಶುರುವಾಯ್ತಾ ನಿಮ್ ಲಿಂಬೆಹಣ್ಣು, ಸೌಂಡ್ ಕಮ್ಮಿ ಮಾಡಿ".

ಈಗ ಮಾಲಿನ ವಿಷ್ಯ. ದಿನಾ 3 ಗಂಟೆ, ವಾರಕ್ಕೆ 5 ದಿನ, ಒಬ್ಬನೇ ಮಾತಾಡೋದು. ಗೆಸ್ಟ್ ಅಂತ ಕರೆಯೋದು ಅಪರೂಪಕ್ಕೆ. ನಮ್ ಟಿವೀಲಿ ರಾತ್ರಿ 9 ಗಂಟೆಗೆ ಎಂಟು ಜನ ಎಂಟು ಚೌಕದೊಳಗೆ ಕೂತು ಕಿರುಚ್ತಾರಲ್ಲ, ಅದನ್ನ ತಲೇಲಿಟ್ಕೊಂಡು ಹೋದ್ರೆ ಮೋಸ ಹೋಗ್ತೀರ, ಇವ್ನು ಕಿರುಚೋದೇ ಇಲ್ಲ. ಪೇಪರ್ ತಿರುವೋ ಸದ್ದು ಬೇಕಂತಲೇ ಮೈಕಿಗೆ ಕೇಳ್ಸ್ತಾನೆ, ಟೇಬಲ್ ಕುಟ್ತಾನೆ, ಮಾತಿನ ಮಧ್ಯ ನಿಲ್ಲಿಸ್ಬಿಡ್ತಾನೆ, ಎರಡು ಸೆಕೆಂಡು, ಮೂರು ಸೆಕೆಂಡು, ರೇಡಿಯೋ ಕೆಟ್ಟೋಯ್ತಾ ಅಂತ ನೀವು ಕೈ ಚಾಚೋ ಹೊತ್ಗೆ ಒಂದು ನಗು. ರೇಡಿಯೋದಲ್ಲಿ ಸುಮ್ನಿರೋಕೆ ಎಷ್ಟು ಧೈರ್ಯ ಬೇಕು ಅನ್ನೋದು ಅದ್ರಲ್ಲಿ ಕೆಲ್ಸ ಮಾಡ್ದೋರಿಗೇ ಗೊತ್ತು. ತನ್ನ ಪ್ರತಿಭೆ ದೇವ್ರು ಕೊಟ್ಟ ಸಾಲ ಅಂತಾನೆ, ಎದುರಾಳಿಗೆ ಅನ್ಯಾಯ ಆಗ್ಬಾರ್ದು ಅಂತ ಅರ್ಧ ಮೆದುಳು ಬೆನ್ನಿಗೆ ಕಟ್ಕೊಂಡು ಮಾತಾಡ್ತೀನಿ ಅಂತಾನೆ, ಜಂಬಾನೇ ಜೋಕು. ಅಭಿಮಾನಿಗಳು ಫೋನ್ ಮಾಡಿ ಹೊಗಳಿ ಹೊಗಳಿ ಟೈಮ್ ವೇಸ್ಟ್ ಆಗುತ್ತೆ ಅಂತ 'ಡಿಟ್ಟೋ' ಅಂದ್ರೆ ಸಾಕು ಅನ್ನೋ ಪದ್ಧತಿ ಬಂದು, ಕೇಳೋರಿಗೆಲ್ಲ ಡಿಟ್ಟೋಹೆಡ್ ಅಂತ್ಲೇ ಹೆಸರಾಯ್ತು.

ಈ ಕೈಚಳಕ ಸುಮ್ನೆ ಬಂದಿದ್ದಲ್ಲ. ಮನೆತನ ನೋಡಿದ್ರೆ ಇವ್ನು ಕರಿಕೋಟು ಹಾಕ್ಬೇಕಾಗಿತ್ತು, ತಾತ ವಕೀಲ, ಅಪ್ಪ ವಕೀಲ, ಚಿಕ್ಕಪ್ಪ ಫೆಡರಲ್ ಜಡ್ಜ್, ತಮ್ಮನೂ ವಕೀಲ. ಅಪ್ಪ ಎರಡನೇ ಮಹಾಯುದ್ಧದಲ್ಲಿ ಚೀನಾ-ಬರ್ಮಾ-ಇಂಡಿಯಾ ಕಡೆ ವಿಮಾನ ಓಡಿಸಿದೋನು, ತಾತ 1950ರ ದಶಕದಲ್ಲಿ ಅಮೆರಿಕ ಸರ್ಕಾರದ ಪರವಾಗಿ ನಮ್ ದೇಶಕ್ಕೆ ಬಂದು ಕಾನೂನಿನ ಬಗ್ಗೆ ಭಾಷಣ ಮಾಡಿ ಹೋದೋರು. ಇವ್ನು ಮಾತ್ರ ಹೈಸ್ಕೂಲಲ್ಲಿರುವಾಗ್ಲೇ ಊರಿನ ಸಣ್ಣ ಸ್ಟೇಷನ್ನಲ್ಲಿ ರಸ್ಟಿ ಶಾರ್ಪ್ ಅನ್ನೋ ಹೆಸರಲ್ಲಿ ಹಾಡು ಹಾಕೋಕೆ ನಿಂತ, ನಮ್ ಹುಡುಗ ಈಗ ಓದ್ತಿರೋ ಅದೇ ಕಾಲೇಜು ಒಂದು ವರ್ಷಕ್ಕೇ ಬಿಟ್ಟ. ಆಮೇಲೆ ಪಿಟ್ಸ್‌ಬರ್ಗ್ ಕಡೆ ಜೆಫ್ ಕ್ರಿಸ್ಟಿ ಅಂತ ಇನ್ನೊಂದು ಹೆಸರು, ಅಲ್ಲೂ ಕೆಲ್ಸ ಹೋಯ್ತು, ಇನ್ನೊಂದ್ ಕಡೆನೂ ಹೋಯ್ತು, ಕೊನೆಗೆ ರೇಡಿಯೋನೇ ಸಾಕಪ್ಪ ಅಂತ 1979ರಲ್ಲಿ ಕ್ಯಾನ್ಸಸ್ ಸಿಟಿ ರಾಯಲ್ಸ್ ಬೇಸ್‌ಬಾಲ್ ಟೀಮಿನ ಆಫೀಸಲ್ಲಿ ಟಿಕೆಟ್ ಮಾರೋ, ಪ್ರಚಾರ ಮಾಡೋ ಕೆಲ್ಸಕ್ಕೆ ಸೇರ್ದ. 30 ದಾಟಿದ ಮೇಲೆ ಮತ್ತೆ ಮೈಕು, 1984ಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ, ಅಲ್ಲಿ ಸ್ವಂತ ಹೆಸರಲ್ಲಿ ಸ್ವಂತ ಮಾತು ಕುದುರ್ತು. ನನಗೆ ಇಡೀ ಕಥೇಲಿ ಇಷ್ಟ ಆಗೋ ಭಾಗ ಇದೇ, ಅಪ್ಪನ ಕಣ್ಣಲ್ಲಿ ವೇಸ್ಟ್ ಬಾಡಿ ಆಗಿ ಹತ್ತು ಹದಿನೈದು ವರ್ಷ ಊರೂರು ಅಲೆದೋನು. ಕಾರಲ್ಲಿ ಒಬ್ಬನೇ ಊಟ ಮಾಡೋ ಸೇಲ್ಸ್‌ಮನ್ನು, ಟ್ರಕ್ ಡ್ರೈವರು, ನನ್ನಂಥೋನು, ಇವ್ರ ಜೊತೆ ಅವನಿಗೆ ಮಾತಾಡಕ್ಕೆ ಬರ್ತಿತ್ತು ಅಂದ್ರೆ ಅದಕ್ಕೇ ಇರ್ಬೇಕು.

ಇನ್ನು ಬಿಸಿನೆಸ್ಸು, ಇಲ್ಲಿ ಸ್ವಲ್ಪ ನಿಲ್ತೀನಿ. 1949ರಿಂದ ಅಮೆರಿಕದಲ್ಲಿ ಫೇರ್‌ನೆಸ್ ಡಾಕ್ಟ್ರಿನ್ ಅಂತ ಒಂದು ನಿಯಮ ಇತ್ತು, ಲೈಸೆನ್ಸ್ ತಗೊಂಡ ಸ್ಟೇಷನ್ನು ವಿವಾದದ ವಿಷ್ಯ ಮಾತಾಡಿದ್ರೆ ಇನ್ನೊಂದು ಕಡೆಯವ್ರ ವಾದಕ್ಕೂ ಜಾಗ ಕೊಡ್ಬೇಕು ಅಂತ. 1987ರಲ್ಲಿ ಪ್ರೆಸಿಡೆಂಟ್ ರೇಗನ್ ಕಾಲದ ಎಫ್‌ಸಿಸಿ, ಅಂದ್ರೆ ರೇಡಿಯೋ ಟಿವಿ ಲೈಸೆನ್ಸ್ ನೋಡ್ಕೊಳೋ ಸರ್ಕಾರಿ ಸಂಸ್ಥೆ, ಅದನ್ನ ತೆಗೆದುಹಾಕ್ತು. ಹಾಡೆಲ್ಲ ಅಷ್ಟೊತ್ತಿಗೆ ಎಫ್ಎಂಗೆ ಹೋಗಿತ್ತು, ಎಎಂ ಸ್ಟೇಷನ್‌ಗಳು ನೊಣ ಹೊಡೀತಾ ಕೂತಿದ್ವು. ಎಬಿಸಿ ರೇಡಿಯೋದ ಮಾಜಿ ಮುಖ್ಯಸ್ಥ ಎಡ್ ಮೆಕ್‌ಲಾಫ್ಲಿನ್ ಇವನನ್ನ ನ್ಯೂಯಾರ್ಕಿಗೆ ಕರ್ಕೊಂಡ್ ಬಂದು 1988ರ ಆಗಸ್ಟ್ 1ಕ್ಕೆ 56 ಸ್ಟೇಷನ್ನಲ್ಲಿ ಶುರು ಮಾಡ್ಸಿದ, ಸ್ಟೇಷನ್ನೋರು ಕಾಸು ಕೊಡಂಗಿಲ್ಲ, ಶೋ ತಗೊಳಿ, ಬದಲಿಗೆ ಗಂಟೇಲಿ ಇಷ್ಟು ನಿಮಿಷ ಆ್ಯಡ್ ಜಾಗ ನಮಗೆ ಬಿಡಿ. ಖಾಲಿ ಹೊಡೀತಿದ್ದ ಅಂಗಡಿಗೆ ಪುಕ್ಕಟೆ ಸರಕು, ಯಾರ್ ಬೇಡ ಅಂತಾರೆ? 2008ರಲ್ಲಿ ಮಾಡ್ಕೊಂಡ ಕಾಂಟ್ರಾಕ್ಟು 8 ವರ್ಷಕ್ಕೆ 40 ಕೋಟಿ ಡಾಲರ್! ನಮ್ಮಲ್ಲಿ ಪ್ರೈವೇಟ್ ಎಫ್ಎಂನೋರಿಗೆ ಸ್ವಂತ ನ್ಯೂಸ್ ಓದೋಕೇ ಪರ್ಮಿಷನ್ ಇಲ್ಲ, ಆಕಾಶವಾಣಿ ನ್ಯೂಸ್ ಹಾಕ್ಬೋದು ಅಷ್ಟೆ, ಅದಕ್ಕೇ ನಮ್ ಲಿಂಬೆಹಣ್ಣುಗಳೆಲ್ಲ ಟಿವಿ ಗಿಡದಲ್ಲೇ ಬಿಡೋದು.

ಅವ್ನೂ ಇದನ್ನ ಮುಚ್ಚಿಡ್ತಿರ್ಲಿಲ್ಲ. ನನ್ ಕೆಲ್ಸ ಜನಾನ ಹಿಡ್ದಿಟ್ಕೊಂಡು ಆ್ಯಡಿಗೆ ಬಾಯಿಗ್ ಬಂದ ರೇಟ್ ವಸೂಲಿ ಮಾಡೋದು ಅಂತ ಶೋನಲ್ಲೇ ಎಷ್ಟೋ ಸಲ ಹೇಳಿದಾನೆ. ಕ್ಲಿಂಟನ್‌ಗೆ ಬೈತಾ ಬೈತಾ ಅದೇ ರಾಗದಲ್ಲಿ ಹಾಸಿಗೆ ಆ್ಯಡಿಗೆ ಜಾರ್ತಿದ್ದ, ಜಾರಿದ್ದು ನಿಮಗೆ ಗೊತ್ತಾಗೋ ಹೊತ್ಗೆ ಫೋನ್ ನಂಬರ್ ಎರಡ್ಸಲ ಹೇಳಿ ಆಗಿರುತ್ತೆ. ಬಂಗಾರ ಕೊಳ್ಳಿ, ಹಾಸಿಗೆ ಕೊಳ್ಳಿ. ನಾನು ಆ್ಯಡ್ ಕಾಟ ತಡೀಲಾರದೆ ವರ್ಷಕ್ಕೆ 50 ಡಾಲರ್ ಹತ್ರ ಕೊಟ್ಟು ಅವನ ವೆಬ್‌ಸೈಟ್ ಸಬ್‌ಸ್ಕ್ರಿಪ್ಷನ್ನೂ ತಗೊಂಡಿದ್ದೆ, ಸ್ಟುಡಿಯೋ ಕ್ಯಾಮೆರಾ ನೋಡ್ಬೋದು ಅದ್ರಲ್ಲಿ. ದುಡ್ಡು ದಂಡ. ನೋಡೋಕೆ ಏನೂ ಇಲ್ಲ, ದಪ್ಪ ಮನುಷ್ಯ ಕೂತು ಮಾತಾಡ್ತಾನೆ.

ಟಿವಿ ವರ್ಷನ್ ಕೂಡ ಅಷ್ಟಕ್ಕಷ್ಟೆ. 1990ರಲ್ಲಿ ಪ್ಯಾಟ್ ಸೇಜಾಕ್ ಅನ್ನೋನ ಟಿವಿ ಟಾಕ್ ಶೋಗೆ ಒಂದು ರಾತ್ರಿ ಬದಲಿ ಆಂಕರ್ ಆಗಿ ಹೋಗಿದ್ದಾಗ ಪ್ರೇಕ್ಷಕರಲ್ಲಿದ್ದ ಪ್ರತಿಭಟನೆಯೋರು ಎದ್ದು ಬೆವರಿಳಿಸಿ, ಕೊನೆಗೆ ಎಲ್ಲರ್ನೂ ಆಚೆ ಕಳ್ಸಿ ಖಾಲಿ ಕುರ್ಚಿಗಳ ಮುಂದೆ ಶೋ ಮುಗ್ಸಿದ. 1992ರಿಂದ 96ರ ತನಕ ಸ್ವಂತ ಅರ್ಧ ಗಂಟೆ ಟಿವಿ ಶೋ ಇತ್ತು, ಪ್ರೊಡ್ಯೂಸರ್ ರೋಜರ್ ಐಲ್ಸ್, ಮುಂದೆ ಫಾಕ್ಸ್ ನ್ಯೂಸ್ ಕಟ್ಟಿದೋನು. ತಾನೇ ಕೈಬಿಟ್ಟ. ಎದುರಿಗೆ ನಿಜವಾದ ಮನುಷ್ಯ ಕೂತ್ರೆ ಈ ಮಾಲು ಓಡಲ್ಲ ಅಂತ ನಂಗನ್ಸುತ್ತೆ. ರೇಡಿಯೋದಲ್ಲಿ ಫೋನ್ ಕಾಲ್‌ಗಳನ್ನ ಬೋ ಸ್ನರ್ಡ್ಲಿ ಅನ್ನೋ ಹೆಸರಿನ ಸ್ಕ್ರೀನರ್ ಜರಡಿ ಹಿಡಿದು ಒಳಗ್ ಬಿಡ್ತಿದ್ದ, ಶುರುವಿನ ವರ್ಷಗಳಲ್ಲಿ ಬೇಡದ ಕಾಲರ್‌ನ ವ್ಯಾಕ್ಯೂಮ್ ಕ್ಲೀನರ್ ಸದ್ದು ಹಾಕಿ 'ಅಬಾರ್ಷನ್' ಅಂತ ಕಟ್ ಮಾಡೋ ಜೋಕು ಬೇರೆ. ಹನ್ನೊಂದು ವರ್ಷದಲ್ಲಿ ಅವ್ನು ವಾದದಲ್ಲಿ ಸೋತಿದ್ದು ನಾನಂತೂ ಕೇಳಿಲ್ಲ, ಕುಸ್ತಿ ಅಖಾಡಕ್ಕೆ ಯಾರ್ ಇಳೀಬೇಕು ಅಂತ ಪೈಲ್ವಾನನ ಕಡೆಯೋರೇ ಆರ್ಸಿದ್ರೆ ಸೋಲೋದೆಲ್ಲಿ ಬಂತು.

ಮಾಲಿನಲ್ಲಿ ಕಲ್ಲು ಸಿಕ್ಕಿದ್ದು ನನಗೆ 2006ರ ಅಕ್ಟೋಬರ್‌ನಲ್ಲಿ. ಮಿಸೌರಿ ಸೆನೆಟ್ ಎಲೆಕ್ಷನ್ನು, ಸ್ಟೆಮ್ ಸೆಲ್ ರಿಸರ್ಚ್ ಪರ ಇದ್ದ ಕ್ಲೇರ್ ಮೆಕಾಸ್ಕಿಲ್‌ಗೆ ಓಟು ಕೊಡಿ ಅಂತ ನಟ ಮೈಕೆಲ್ ಜೆ. ಫಾಕ್ಸ್ ಆ್ಯಡಲ್ಲಿ ಬಂದಿದ್ದ, ಪಾರ್ಕಿನ್ಸನ್ ಇರೋನು, ಮೈ ತೂಗಾಡ್ತಿತ್ತು. ಇವ್ನು ಅದು ನಾಟಕ ಅನ್ನೋ ಥರ ಮಾತಾಡಿ, ಕ್ಯಾಮೆರಾ ಮುಂದೆ ಕೈ ಮೈ ಅಲ್ಲಾಡ್ಸಿ ತೋರಿಸ್ದ. ತಪ್ಪಾಗಿದ್ರೆ ಕ್ಷಮೆ ಕೇಳ್ತೀನಿ ಅನ್ನೋ ಶರತ್ತಿನ ಕ್ಷಮೆ ಆಮೇಲೆ ಬಂತು. ನಮ್ಮಪ್ಪಂಗೆ ಆಗ ಪಾರ್ಕಿನ್ಸನ್ ಶುರುವಾಗಿ ಮೂರು ವರ್ಷ, ಮೈಸೂರಿಂದ ಫೋನಲ್ಲಿ ಅಮ್ಮ ಹೇಳೋರು, ಕಾಫಿ ಲೋಟ ಅರ್ಧ ತುಂಬಿಸ್ಕೊಡ್ತೀನಿ ಕಣೋ, ಇಲ್ದಿದ್ರೆ ಪಂಚೆ ಮೇಲೆ ಚೆಲ್ಕೋತಾರೆ, ಆಮೇಲೆ ಅವ್ರಿಗೇ ನಾಚಿಕೆ. ಆವತ್ತು ರೇಡಿಯೋ ಆಫ್ ಮಾಡಿದೋನು ನಾಲ್ಕೈದು ತಿಂಗ್ಳು ಆ ಸ್ಟೇಷನ್ ಕಡೆ ಹೋಗ್ಲಿಲ್ಲ. ಮತ್ತೆ ಹೋದೆ ಅನ್ನೋದೂ ಸತ್ಯ, ಅದನ್ನೂ ಬರೀಲೇಬೇಕಲ್ಲ.

ಇದೊಂದೇ ಅಲ್ಲ. ಏಡ್ಸ್‌ನಿಂದ ಸತ್ತೋರ ಬಗ್ಗೆ ಹಾಡು ಹಾಕಿ ಜೋಕ್ ಮಾಡಿ ಆಮೇಲೆ ಅದು ಕೆಟ್ಟದಾಯ್ತು ಅಂತ ಒಪ್ಕೊಂಡಿದ್ದ. 2003ರಲ್ಲಿ ಇಎಸ್‌ಪಿಎನ್ ಸ್ಪೋರ್ಟ್ಸ್ ಚಾನೆಲ್‌ಗೆ ಅಮೆರಿಕನ್ ಫುಟ್‌ಬಾಲ್ ಮಾತಾಡಕ್ಕೆ ಹೋಗಿ, ಡಾನೊವನ್ ಮೆಕ್‌ನ್ಯಾಬ್ ಅನ್ನೋ ಆಟಗಾರ ಕರಿಯ ಅನ್ನೋ ಕಾರಣಕ್ಕೇ ಮೀಡಿಯಾದೋರು ಅವನನ್ನ ಏರಿಸ್ತಾರೆ ಅನ್ನೋ ಅರ್ಥದ ಮಾತಾಡಿ ರಾಜೀನಾಮೆ ಕೊಟ್ಟ. 2012ರಲ್ಲಿ ಸಾಂಡ್ರಾ ಫ್ಲೂಕ್ ಅನ್ನೋ ಲಾ ಸ್ಟೂಡೆಂಟ್ ಗರ್ಭನಿರೋಧಕಕ್ಕೆ ಇನ್ಶೂರೆನ್ಸ್ ಇರ್ಬೇಕು ಅಂದಿದ್ದಕ್ಕೆ ಆಕೆಗೆ ಬರೆಯೋಕಾಗದ ಮಾತು ಬೈದ, ದಿನಗಟ್ಲೆ. ಆಗ ಮಾತ್ರ ಬಿಸಿ ತಟ್ತು, ಡಜನ್‌ಗಟ್ಲೆ ಜಾಹೀರಾತುದಾರರು ಓಡಿಹೋದ್ರು, ಕ್ಷಮೆ ಕೇಳ್ದ. ನೋಡಿ, ಕೇಳೋರು ಬೈದಿದ್ದಕ್ಕಲ್ಲ, ಹಾಸಿಗೆ ಮಾರೋರು ಎದ್ದು ಹೋಗಿದ್ದಕ್ಕೆ. ಅಸಲಿ ಗಿರಾಕಿ ಯಾರು ಅಂತ ನನಗೆ ಆವತ್ತು ಅರ್ಥ ಆಗಿದ್ದು, ನಾವಲ್ಲ.

ಡ್ರಗ್ಸ್ ತಗೊಳೋರ್ನ ಜೈಲಿಗೆ ಹಾಕ್ಬೇಕು ಅಂತ ಹಿಂದೆ ಅಂದಿದ್ದೋನೇ 2003ರಲ್ಲಿ ನೋವಿನ ಮಾತ್ರೆ ಚಟ ಹತ್ತಿದೆ ಅಂತ ಮೈಕಲ್ಲೇ ಒಪ್ಕೊಂಡು ರಿಹ್ಯಾಬ್‌ಗೆ ಹೋದ. ಸಿಗಾರ್ ಅಂತೂ ಕೈ ಬಿಟ್ಟಿದ್ದೇ ಕಮ್ಮಿ, ಹೊಗೆ ಅಪಾಯ ಅನ್ನೋದನ್ನೆಲ್ಲ ಗೇಲಿ ಮಾಡೋನು. ಅದನ್ನ ಈಗ ಎತ್ತಿ ಆಡೋಕೆ ಮನಸ್ಸು ಬರ್ತಿಲ್ಲ.

ಆದ್ರೆ 2001ರ ಕಥೆ ಹೇಳ್ಲೇಬೇಕು, ನಾನು ಆಮೇಲೆ ಓದಿ ತಿಳ್ಕೊಂಡಿದ್ದು. ಕೆಲವೇ ತಿಂಗಳಲ್ಲಿ ಎರಡೂ ಕಿವಿ ಹೋಯ್ತು, ಪೂರ್ತಿ ಕಿವುಡ. ರೇಡಿಯೋದೋನು! ಫೋನ್ ಮಾಡಿದೋರು ಮಾತಾಡಿದ್ದನ್ನ ಪಕ್ಕದಲ್ಲಿ ಟೈಪ್ ಮಾಡಿ ಸ್ಕ್ರೀನ್ ಮೇಲೆ ತೋರಿಸ್ತಿದ್ರು, ಓದ್ಕೊಂಡು ಉತ್ತರ ಕೊಡ್ತಿದ್ದ, ತನ್ನ ದನಿ ತನಗೇ ಕೇಳ್ದೇ ಇರುವಾಗ್ಲೂ ಶೋ ನಡೀತಿತ್ತು. ಡಿಸೆಂಬರ್‌ನಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕ್ಸಿದ್ಮೇಲೆ ಮಾತು ಕೇಳ್ತು, ಹಾಡು ಮಾತ್ರ ಮೊದಲು ಗೊತ್ತಿದ್ದಿದ್ದಷ್ಟೇ ಹಾಡಾಗಿ ಕೇಳೋದು, ಹೊಸ ಹಾಡು ಬರೀ ಸದ್ದಂತೆ. ಹಾಡು ಹಾಕೋ ಹುಡುಗನಾಗಿ ಶುರು ಮಾಡಿದೋನಿಗೆ. ಅವನ ಮೇಲೆ ಎಷ್ಟೇ ಸಿಟ್ಟಿರ್ಲಿ, ಕಸುಬುದಾರ ಅಂದ್ರೆ ಕಸುಬುದಾರ.

ಪ್ರಭಾವದ ಬಗ್ಗೆ ಕೇಳಿದ್ರೆ, 1994ರಲ್ಲಿ 40 ವರ್ಷ ಆದ್ಮೇಲೆ ರಿಪಬ್ಲಿಕನ್ನರಿಗೆ ಕೆಳಮನೆ ಸಿಕ್ಕಾಗ ಗೆದ್ದು ಬಂದ ಹೊಸ ಸದಸ್ಯರು ಇವನನ್ನ ತಮ್ಮ ಬ್ಯಾಚಿನ ಗೌರವ ಸದಸ್ಯ ಮಾಡ್ಕೊಂಡ್ರು. ಒಬಾಮ ಬಂದಾಗ ಅವ್ನು ಫೇಲ್ ಆಗ್ಲಿ ಅಂತ ನೇರವಾಗೇ ಅಂದ. 2020ರ ಫೆಬ್ರವರಿ 3ಕ್ಕೆ ಕ್ಯಾನ್ಸರ್ ಅಂತ ಹೇಳ್ದ, ಮಾರನೇ ದಿನ ಟ್ರಂಪ್ ಭಾಷಣದ ಮಧ್ಯದಲ್ಲೇ ಮೆಲಾನಿಯಾ ಕೈಯಿಂದ ದೇಶದ ದೊಡ್ಡ ನಾಗರಿಕ ಪದಕ ಕೊರಳಿಗೆ. ಅದೇ ತಿಂಗಳು ಕೊರೋನಾ ಅಂದ್ರೆ ಮಾಮೂಲಿ ನೆಗಡಿ ಅಂತಾನೂ ಹೇಳ್ದ. ನಾನು ಅಲ್ಲಿದ್ದಾಗ ನಮ್ ಕನ್ನಡ ಸಂಘದ ಯುಗಾದಿ ಊಟದಲ್ಲಿ ಗ್ರೀನ್ ಕಾರ್ಡ್ ಬಂದು ಆರು ತಿಂಗಳಾಗಿರೋ ಅಂಕಲ್ ಒಬ್ರು ಹೋಳಿಗೆ ಮುರೀತಾ ಮುರೀತಾ ವಲಸಿಗರಿಂದ ಈ ದೇಶ ಹಾಳಾಯ್ತು ಅಂತ ಲಿಂಬಾ ಮಾತನ್ನ ಪದಪದ ಒಪ್ಪಿಸ್ತಿದ್ರು. ಸರ್ ನಾವ್ ಯಾರು ಮತ್ತೆ ಅಂದಿದ್ದಕ್ಕೆ, ನಾವು ಲೈನಲ್ಲಿ ನಿಂತು ಬಂದೋರು ಕಣ್ರೀ ಅಂದ್ರು. ಅವರ ಪಾಲಿಗೆ ಅದೇ ಊಟ ಆಗ್ಬಿಟ್ಟಿತ್ತು, ದಿನಾ ಮೂರು ಗಂಟೆ ಉಪ್ಪಿನಕಾಯಿ, ಅನ್ನ ಇಲ್ಲ ಮುದ್ದೆ ಇಲ್ಲ, ಬಿಪಿ ಏರದೇ ಇರುತ್ತಾ.

ಸ್ಟಾರ್ ಕೊಡ್ಬೇಕಂದ್ರೆ ದನಿಗೆ, ಟೈಮಿಂಗಿಗೆ 5ಕ್ಕೆ 5. ನ್ಯೂಸ್ ತಿಳ್ಕೊಳೋಕೆ ಅಂತ ಕೇಳೋದಾದ್ರೆ 1, ಅದೂ ಎಲೆಕ್ಷನ್ ತಾರೀಕು ಸರಿಯಾಗಿ ಹೇಳ್ತಿದ್ದ ಅಂತ. ಅವನ ಜಾಗಕ್ಕೆ 2021ರಲ್ಲಿ ಕ್ಲೇ ಟ್ರಾವಿಸ್, ಬಕ್ ಸೆಕ್ಸ್‌ಟನ್ ಅಂತ ಇಬ್ರು ಬಂದ್ರು, ನಾನು ಎರಡು ದಿನ ಆನ್‌ಲೈನಲ್ಲಿ ಕೇಳಿ ಬಿಟ್ಟೆ, ಹುಳಿನೇ ಇಲ್ಲ. ಟ್ರೈ ಮಾಡ್ಬೇಕು ಅನ್ಸಿದ್ರೆ 90ರ ದಶಕದ ತುಣುಕುಗಳು ಹುಡುಕಿ, ಅರ್ಧ ಗಂಟೆ ಸಾಕು, ಜೊತೆಗೆ ಅದೇ ದಿನದ ಪೇಪರ್ರೂ ಸಿಕ್ಕಿದ್ರೆ ಪಕ್ಕದಲ್ಲಿಟ್ಕೊಂಡು ಕೇಳಿ.

ನಮ್ ಹುಡುಗಂಗೆ ಮಾತ್ರ ಒಂದ್ ಸೂಚನೆ: ಅದೇ ಊರಲ್ಲಿ ಫೆಡರಲ್ ಕೋರ್ಟ್ ಬಿಲ್ಡಿಂಗ್ ಮೇಲೂ ರಷ್ ಲಿಂಬಾ ಅಂತ ಬರ್ದಿರುತ್ತೆ, ಫೋಟೋ ತೆಗ್ದು ಸ್ಟೇಟಸ್ ಹಾಕ್ಬೇಡ. ಅದು ತಾತ, 104 ವರ್ಷ ಬದುಕಿದ ವಕೀಲ್ರು, ಎರಡೂ ಕಡೆ ವಾದ ಕೇಳೋ ಜಾಗ ಅದು.