ಚಾಯ್ಸ್ ಚೇಂಬರ್: ತಟ್ಟೆ ಕೊಳ್ಳಬಹುದು, ಕೈಪಿಡಿ ಬೇಡ

ಸಣ್ಣ ಜೀವಿಗಳು ಬೆಳಕಿಗೆ, ತೇವಕ್ಕೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಮಕ್ಕಳೇ ಪರೀಕ್ಷಿಸಿ ನೋಡಲೆಂದು ‘ಚಾಯ್ಸ್ ಚೇಂಬರ್’ ಎಂಬ ಕಿಟ್ಟನ್ನು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಆನ್‌ಲೈನ್‌ನಲ್ಲಿ ತರಿಸಿಕೊಂಡೆವು. ಈ ಮಳೆಗಾಲದಲ್ಲಿ ಏಳನೆಯ ತರಗತಿಯವರೊಂದಿಗೆ ಅದನ್ನು ಬಳಸಿದ ಮೇಲೆ ಹೇಳುವುದಾದರೆ, ತಟ್ಟೆಗೆ ಕೊಟ್ಟ ಹಣ ದಂಡವಲ್ಲ. ಆದರೆ ಜೊತೆಗೆ ಬರುವ ಕೈಪಿಡಿಯನ್ನು ಮಕ್ಕಳ ಕೈಗೆ ಕೊಡದಿರುವುದೇ ಲೇಸು.

ಉಪಕರಣ ಸರಳವಾಗಿದೆ. ದುಂಡನೆಯ ಪಾರದರ್ಶಕ ತಟ್ಟೆಯ ತಳದಲ್ಲಿ ನಾಲ್ಕು ಖಾನೆಗಳು, ಅವುಗಳ ಮೇಲೆ ಬಿಗಿದ ಬಲೆ, ಅದರ ಮೇಲೆ ನಡುವೆ ರಂಧ್ರವಿರುವ ಮುಚ್ಚಳ. ಎರಡು ಖಾನೆಗಳಲ್ಲಿ ನೀರಿನಲ್ಲಿ ನೆನೆಸಿದ ಹತ್ತಿಯನ್ನೂ ಉಳಿದೆರಡರಲ್ಲಿ ತೇವ ಹೀರುವ ಸಿಲಿಕಾ ಜೆಲ್ಲನ್ನೂ ಇಟ್ಟರೆ, ಬಲೆಯ ಮೇಲೆ ಓಡಾಡುವ ಹುಳುವಿಗೆ ಅರ್ಧ ಒದ್ದೆ ಗಾಳಿ, ಅರ್ಧ ಒಣ ಗಾಳಿ ಸಿಗುತ್ತದೆ. ನಾವು ಬಳಸಿದ್ದು ಹೂಕುಂಡ ಎತ್ತಿದರೆ ಅಡಿಯಲ್ಲಿ ಕಾಣುವ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದುಬಣ್ಣದ ಪಿಲ್‌ಬಗ್‌ಗಳನ್ನು. ಹುಳು ಎಂದು ಕರೆದರೂ ಇದು ಕೀಟವಲ್ಲ, ಏಡಿ ಸಿಗಡಿಗಳ ಬಳಗಕ್ಕೆ ಸೇರಿದ್ದು. ಏಳು ಜೊತೆ ಕಾಲುಗಳಿರುವ ಈ ಜೀವಿ ಹೊಟ್ಟೆಯಡಿಯ ಕಿವಿರಿನಂಥ ಅಂಗಗಳಿಂದ ಉಸಿರಾಡುತ್ತದೆ. ಕೀಟಗಳಿಗಿರುವಂತೆ ನೀರನ್ನು ತಡೆಹಿಡಿಯುವ ಮೇಣದ ಪದರ ಮೈಮೇಲೆ ಇಲ್ಲದಿರುವುದರಿಂದ ಒಣ ಗಾಳಿಯಲ್ಲಿ ಬೇಗ ಸೊರಗುತ್ತದೆ.

ಕೈಪಿಡಿಯ ಮೊದಲ ಪುಟದಲ್ಲೇ ‘ಹುಳುಗಳು ಕತ್ತಲೆಯ, ಒದ್ದೆಯ ಕಡೆಗೆ ಹೋಗುವುದನ್ನು ಗಮನಿಸಿ’ ಎಂದು ಅಚ್ಚಾಗಿದೆ. ಉತ್ತರವನ್ನು ಮೊದಲೇ ಹೇಳಿದ ಮೇಲೆ ಮಕ್ಕಳಿಗೆ ಉಳಿಯುವುದು ಪರೀಕ್ಷೆಯಲ್ಲ, ಪ್ರದರ್ಶನ. ಅದಕ್ಕಿಂತ ದೊಡ್ಡ ದೋಷವೆಂದರೆ ಒದ್ದೆಯ ಭಾಗಕ್ಕೇ ಕಪ್ಪು ಕಾಗದ ಹೊದಿಸುವಂತೆ ಸೂಚಿಸಿರುವುದು: ಹುಳುಗಳು ಅಲ್ಲಿ ಸೇರಿದರೆ ಕಾರಣ ಕತ್ತಲೆಯೋ ತೇವವೋ ತಿಳಿಯುವ ಬಗೆಯೇ ಇಲ್ಲ. ನಾಲ್ಕೂ ಖಾನೆಗಳನ್ನು ಒಂದೇ ಸ್ಥಿತಿಯಲ್ಲಿಟ್ಟು ಮೊದಲೊಮ್ಮೆ ಎಣಿಸಬೇಕೆಂಬ ಮಾತೂ, ಗಾಳಿ ಒಣಗಲು ಹದಿನೈದು ನಿಮಿಷವಾದರೂ ಕಾಯಬೇಕೆಂಬ ಮಾತೂ ಅದರಲ್ಲಿಲ್ಲ. ಈ ಪ್ರಾಣಿಗಳು ಒಂದನ್ನೊಂದು ಅಂಟಿಕೊಂಡು ಗುಂಪಾಗುವ ಸ್ವಭಾವದವು. ಹಾಗಾಗಿ ಹತ್ತು ಹುಳುಗಳು ಒಂದೆಡೆ ಇದ್ದ ಮಾತ್ರಕ್ಕೆ ಹತ್ತೂ ತಾವೇ ಆ ಜಾಗವನ್ನು ಆರಿಸಿಕೊಂಡವು ಎನ್ನಲಾಗದು.

ಎಣಿಕೆಯ ಹೊತ್ತಿಗೆ ಗಡಿಗೆರೆಯ ಮೇಲೆ ಅಡ್ಡನಿಂತ ಹುಳು ಯಾವ ಕಡೆಯದೆಂಬ ಜಗಳ ನಡೆದಾಗ, ತಲೆ ಎತ್ತ ಇದೆಯೋ ಅತ್ತ ಎಂಬ ನಿಯಮವನ್ನು ಮಕ್ಕಳೇ ಮಾಡಿಕೊಂಡರು. ಅಷ್ಟರಲ್ಲಿ ಒಬ್ಬ ಹುಡುಗಿ, ‘ಮೇಡಂ, ಅವು ಒದ್ದೆ ಹುಡುಕಿಕೊಂಡು ಬಂದ್ವಾ, ಇಲ್ಲಾ ಸುಮ್ಮನೆ ಓಡಾಡ್ತಾ ಒದ್ದೆ ಸಿಕ್ಕಿದ್ದಕ್ಕೆ ನಿಂತ್ವಾ?’ ಎಂದು ಕೇಳಿದಳು. ಕೈಪಿಡಿ ಬರೆದವರಿಗೆ ಹೊಳೆಯದ ಪ್ರಶ್ನೆ ಇದು. ಮುಚ್ಚಳದ ಮೇಲೆ ಪಾರದರ್ಶಕ ಹಾಳೆ ಹಾಸಿ, ಒಂದೇ ಹುಳುವನ್ನು ಬಿಟ್ಟು, ಹತ್ತು ಸೆಕೆಂಡಿಗೊಮ್ಮೆ ಅದು ಇರುವಲ್ಲಿ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡಿಸಿದೆ. ಒಣ ಭಾಗದಲ್ಲಿ ಚುಕ್ಕೆಗಳು ದೂರ ದೂರ ಬಿದ್ದವು, ಒದ್ದೆಯಲ್ಲಿ ಒತ್ತೊತ್ತಾದವು. ಅಂದರೆ ಹುಳು ಒಣಗಾಳಿಯಲ್ಲಿ ಗೊತ್ತುಗುರಿಯಿಲ್ಲದೆ ವೇಗವಾಗಿ ನಡೆಯುತ್ತದೆ, ತೇವ ತಾಗಿದೊಡನೆ ನಿಧಾನಿಸುತ್ತದೆ. ಹಾಗೆ ನಿಧಾನಿಸುವುದರಿಂದಲೇ ಅಲ್ಲಿ ಸಂಖ್ಯೆ ಹೆಚ್ಚುತ್ತದೆ. ಈ ಬಗೆಯ ಚಲನೆಗೆ ಜೀವಶಾಸ್ತ್ರದಲ್ಲಿ ಕೈನೆಸಿಸ್ ಎಂಬ ಹೆಸರಿದೆ. ಅಷ್ಟನ್ನು ಕಣ್ಣಾರೆ ಕಾಣಿಸಿದ್ದಕ್ಕೆ ತಟ್ಟೆಯನ್ನು ಮೆಚ್ಚಲೇಬೇಕು.

ಸುರಕ್ಷತೆಯ ವಿಷಯದಲ್ಲಿ ಎರಡು ಆಕ್ಷೇಪಗಳಿವೆ. ಕಿಟ್‌ನಲ್ಲಿದ್ದದ್ದು ನೀಲಿ ಸಿಲಿಕಾ ಜೆಲ್; ತೇವ ಹೀರಿದಾಗ ಗುಲಾಬಿಯಾಗುವ ಆ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು, ಮಕ್ಕಳ ಕೈಗೆ ಸಿಗಬಾರದ ವಿಷವಸ್ತು. ನಾವು ಅದನ್ನು ತೆಗೆದಿಟ್ಟು ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ್ದನ್ನು ಕೊಂಡೆವು. ಎರಡನೆಯದಾಗಿ, ಇದೇ ವ್ಯವಸ್ಥೆಯಲ್ಲಿ ಎರೆಹುಳುವನ್ನೂ ಬಿಡಬಹುದೆಂದು ಕೈಪಿಡಿ ಹೇಳುತ್ತದೆ. ಒದ್ದೆ ಚರ್ಮದ ಮೂಲಕವೇ ಉಸಿರಾಡುವ ಎರೆಹುಳುವನ್ನು ಸಿಲಿಕಾ ಜೆಲ್ಲಿನ ಮೇಲೆ ಬಿಡುವುದು ಅದರ ಜೀವಕ್ಕೇ ಸಂಚಕಾರ. ಎರೆಹುಳುವಿನೊಂದಿಗೆ ಬೆಳಕು-ಕತ್ತಲೆಯ ಪರೀಕ್ಷೆಯನ್ನು ಮಾತ್ರ, ಅದೂ ಇಡೀ ತಳಕ್ಕೆ ಒದ್ದೆ ಕಾಗದ ಹಾಸಿ ಮಾಡಬೇಕು.

ಬಲೆಯ ಅಂಚು ಸಡಿಲವಾಗಿರುವುದರಿಂದ ಮರಿಹುಳುಗಳು ಸಂದಿಯಲ್ಲಿ ಇಳಿದುಬಿಡುತ್ತವೆ. ಬದಲಿ ಬಲೆಯನ್ನು ಮಾರಾಟಗಾರರು ಬೇರೆಯಾಗಿ ಕೊಡುವುದಿಲ್ಲ. ಹಳೆಯ ಸೊಳ್ಳೆಪರದೆಯಿಂದ ತಟ್ಟೆಗಿಂತ ಎರಡು ಬೆರಳು ಅಗಲವಾಗಿ ಕತ್ತರಿಸಿ ರಬ್ಬರ್‌ಬ್ಯಾಂಡ್ ಹಾಕಿದರೆ ಅದಕ್ಕಿಂತ ಬಿಗಿಯಾಗಿಯೇ ಕೂರುತ್ತದೆ.