ಕ್ಯಾಲಿಪರ್ ಡಸ್ಟ್ ಬೂಟ್ ಕೂರಿಸಲು ಮೂರು ದಾರಿ: ಯಾವುದು ವಾಸಿ?

ಮುಂದಿನ ಚಕ್ರದ ಬ್ರೇಕ್ ಕ್ಯಾಲಿಪರ್, ಅಂದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಬಿಚ್ಚುವುದು ಸುಲಭ. ಒಳಗಿಂದ ಪ್ಯಾಡನ್ನು ತಳ್ಳುವ ಪಿಸ್ಟನ್ ಹೊರಗೆ ತೆಗೆದು, ಕೊಳೆ ಒರೆಸಿ, ಹೊಸ ಸೀಲ್ ಹಾಕುವುದೂ ಕಷ್ಟವಲ್ಲ. ತಾಳ್ಮೆ ಕೇಳುವುದು ಡಸ್ಟ್ ಬೂಟ್. ಪಿಸ್ಟನ್ ಸುತ್ತ ಕೂರುವ ಆ ತೆಳು ರಬ್ಬರ್‌ಗೆ ಎರಡು ಅಂಚು. ಹೊರ ಅಂಚು ಕ್ಯಾಲಿಪರ್‌ನ ಗ್ರೂವ್‌ನಲ್ಲಿ (ಸುತ್ತ ಕೊರೆದ ಸಣ್ಣ ಕಾಲುವೆ), ಒಳ ಅಂಚು ಪಿಸ್ಟನ್‌ನ ಗ್ರೂವ್‌ನಲ್ಲಿ ಕೂರಬೇಕು. ಒಂದನ್ನು ಕೂರಿಸಿದರೆ ಇನ್ನೊಂದು ಎದ್ದು ಬರುತ್ತದೆ.

ಬ್ರೇಕ್ ಆಯಿಲ್ (ಬ್ರೇಕ್ ಫ್ಲೂಯಿಡ್) ಸೋರದಂತೆ ತಡೆಯುವುದು ಸೀಲ್, ಬೂಟ್ ಅಲ್ಲ. ಆದರೂ ಬೂಟ್ ಹರಿದರೆ ಮಳೆ ನೀರು, ಧೂಳು ಒಳಗೆ ಹೋಗಿ ಪಿಸ್ಟನ್ ತುಕ್ಕು ಹಿಡಿಯುತ್ತದೆ. ಆಮೇಲೆ ಅದು ಹಿಂದಕ್ಕೆ ಸರಿಯದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಚಕ್ರ ಬಿಸಿಯಾಗುತ್ತದೆ. ಹಾಗಾಗಿ ಇದನ್ನು ಅರೆಬರೆ ಕೂರಿಸಿ ಬಿಡುವಂತಿಲ್ಲ.

ನಮ್ಮ ಮನೆಯದು ಹಳೆಯ ಮಾರುತಿ ಹ್ಯಾಚ್‌ಬ್ಯಾಕ್. ಒಂದು ಕ್ಯಾಲಿಪರ್‌ಗೆ ಒಂದೇ ಪಿಸ್ಟನ್. ಎರಡೂ ಬದಿಗೆ ಹೊಸ ಸೀಲ್, ಬೂಟ್ ಇರುವ ಕಿಟ್ ಹಾಕುವಾಗ ಮೂರು ರೀತಿಯಲ್ಲೂ ಮಾಡಿ ನೋಡಿದೆ.

ಹೆಚ್ಚಿನವರಿಗೆ ಮೊದಲು ಹೊಳೆಯುವುದು ಬೂಟನ್ನು ಕ್ಯಾಲಿಪರ್‌ಗೆ ಕೂರಿಸಿ, ಅದರ ಬಾಯಿ ಹಿಗ್ಗಿಸಿ ಪಿಸ್ಟನ್ ತೂರಿಸುವುದು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತದೆ. ಮೂರನೇ ಕೈ ಬೇಕು ಅನಿಸುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರಂತೂ ರಬ್ಬರ್ ಹರಿಯುವ ಭಯ. ಮೊಂಡು ತುದಿಯ ಪ್ಲಾಸ್ಟಿಕ್ ಕಡ್ಡಿಯಿಂದ ಕೆಲಸ ಆಯಿತು, ಆದರೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಗಾಳಿ. ಬೂಟ್ ಕ್ಯಾಲಿಪರ್‌ನಲ್ಲಿ ಕೂತಿರಬೇಕು, ಬ್ಲೀಡರ್ (ಗಾಳಿ ಹೊರಬಿಡುವ ಸ್ಕ್ರೂ) ಮುಚ್ಚಿರಬೇಕು. ಪಿಸ್ಟನ್ ಅನ್ನು ಬೂಟಿನ ಬಾಯಿಗೆ ಒತ್ತಿ ಹಿಡಿದು, ಬ್ರೇಕ್ ಹೋಸ್ ಸೇರುವ ತೂತಿನಿಂದ ಮೆಲ್ಲಗೆ ಗಾಳಿ ಬಿಡಬೇಕು. ಬೂಟ್ ಬಲೂನಿನಂತೆ ಉಬ್ಬಿ ಪಿಸ್ಟನ್ ಮೇಲೆ ತಾನೇ ಏರುತ್ತದೆ. ನೋಡಲು ತುಂಬಾ ಚೆಂದ! ಆದರೆ ಗಾಳಿ ಬಿಡಲು ಇನ್ನೊಬ್ಬರು ಬೇಕು. ಕಾಲಲ್ಲಿ ಒತ್ತುವ ಪಂಪ್ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ರಭಸ ಇದಕ್ಕೆ ಜಾಸ್ತಿ, ಪಿಸ್ಟನ್ ಸಿಡಿದರೆ ಬೆರಳಿಗೆ ಪೆಟ್ಟು.

ನನಗೆ ಒಗ್ಗಿದ್ದು ಮೂರನೆಯದು. ಇಲ್ಲಿ ಬೂಟನ್ನು ಮೊದಲು ಪಿಸ್ಟನ್‌ಗೆ ಹಾಕಬೇಕು, ಅದೂ ಕ್ಯಾಲಿಪರ್ ಒಳಗೆ ಹೋಗುವ ತುದಿಗೆ. ಹೊರ ಅಂಚು ಆ ತುದಿಯನ್ನು ದಾಟಿ ಸ್ವಲ್ಪ ಚಾಚಿಕೊಂಡಿರಲಿ. ಆ ಅಂಚನ್ನು ಬೆರಳಿನಿಂದ ಕ್ಯಾಲಿಪರ್ ಗ್ರೂವ್‌ಗೆ ಸುತ್ತಲೂ ಕೂರಿಸಿ. ಪಿಸ್ಟನ್ ಇನ್ನೂ ಹೊರಗೇ ಇರುವುದರಿಂದ ಎಲ್ಲಾ ಕಣ್ಣಿಗೆ ಕಾಣುತ್ತದೆ, ಬೆರಳಾಡಿಸಲು ಜಾಗವೂ ಇರುತ್ತದೆ. ಇದೇ ಈ ದಾರಿಯ ದೊಡ್ಡ ಲಾಭ. ಆಮೇಲೆ ಪಿಸ್ಟನ್ ಅನ್ನು ಎರಡೂ ಹೆಬ್ಬೆರಳಿನಿಂದ ನೇರವಾಗಿ ಒತ್ತುತ್ತಾ ಹೋಗಿ. ಪೂರ್ತಿ ಒಳಗೆ ಹೋಗುವಾಗ ಒಳ ಅಂಚು ಜಾರಿ ತನ್ನ ಗ್ರೂವ್‌ಗೆ ಬೀಳುತ್ತದೆ. ಓರೆಯಾಗಿ ಸಿಕ್ಕಿಕೊಂಡರೆ ಸುತ್ತಿಗೆ ಮುಟ್ಟಬೇಡಿ. ಹೊರಗೆಳೆದು ಮತ್ತೆ ನೇರ ಮಾಡಿ.

ಕೆಲವು ಕಾರುಗಳ ಬೂಟಿಗೆ ಲೋಹದ ಬಳೆ ಇರುತ್ತದೆ. ಅದನ್ನು ಸರಿಯಾದ ಅಳತೆಯ ಬಿಲ್ಲೆ ಇಟ್ಟು ಸಮನಾಗಿ ಒತ್ತಿಯೇ ಕೂರಿಸಬೇಕು, ಅಲ್ಲಿ ಈ ಹೋಲಿಕೆ ನಡೆಯುವುದಿಲ್ಲ.

ಯಾವ ದಾರಿ ಹಿಡಿದರೂ ಜಾರಿಕೆಗೆ ಏನು ಹಚ್ಚುತ್ತೀರಿ ಅನ್ನುವುದು ಮುಖ್ಯ. ಸೀಲ್‌ಗೆ ಹೊಸ ಡಬ್ಬಿಯ ಬ್ರೇಕ್ ಆಯಿಲ್ ಸಾಕು. ಬೂಟಿಗೆ ಕೆಂಪು ರಬ್ಬರ್ ಗ್ರೀಸ್ ಇನ್ನೂ ಚೆನ್ನ, ಸುಮ್ನೆ ಜಾರಿಹೋಗುತ್ತದೆ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬೇಡವೇ ಬೇಡ, ಅದು ಬ್ರೇಕಿನ ರಬ್ಬರನ್ನು ಊದಿಸುತ್ತದೆ. ಕ್ಯಾಲಿಪರ್ ಹಿಂದೆ ಮುಂದೆ ಸರಿಯುವ ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಹಾಕಿ. ಎರಡು ಪಿನ್ ಬೇರೆ ಬೇರೆ ಇರಬಹುದು, ಬಿಚ್ಚುವಾಗಲೇ ಯಾವುದು ಮೇಲಿನದು ಅಂತ ಗುರುತು ಮಾಡಿಕೊಳ್ಳಿ. ಎಲ್ಲಾ ಜೋಡಿಸಿದ ಮೇಲೆ ಬ್ಲೀಡ್ ಮಾಡಿ, ಅಂದರೆ ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ಹೊರಗೆ ಬಿಟ್ಟು, ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಕಾರು ಅಲ್ಲಾಡಿಸುವುದು ಅದಾದ ಮೇಲೆಯೇ.